ಉರುವಲಿನ ಪ್ರಶ್ನೆ

ವಿಜಯಪುರ
ಗುರುವಾರ ರಾತ್ರಿ

ಪ್ರೀತಿಯ ಮಗಳೇ,

ನೀನು ಮೇಜಿನ ಮೇಲೆ ಬಿಟ್ಟುಹೋದ ಪಠ್ಯಕ್ರಮದ ಹಾಳೆಗಳು ಈ ಲಕೋಟೆಯಲ್ಲಿವೆ. ಮರೆತು ಬಿಟ್ಟೆಯೋ, ನಾನು ಓದಲಿ ಎಂದೇ ಬಿಟ್ಟೆಯೋ ತಿಳಿಯದು. ನಿನ್ನ ಅಮ್ಮ ಎರಡನೆಯದೇ ನಿಜ ಎನ್ನುತ್ತಾಳೆ. ಅಂತೂ ಓದಿದ್ದೇನೆ. ಅಲ್ಲಲ್ಲಿ ಕೆಂಪು ಮಸಿ ಕಂಡರೆ ಸಿಟ್ಟಾಗಬೇಡ. ಮೂವತ್ತು ವರ್ಷ ಉತ್ತರಪತ್ರಿಕೆ ತಿದ್ದಿದ ಕೈ, ಹಾಳೆ ಕಂಡರೆ ತಾನಾಗಿಯೇ ಪೆನ್ನು ಹುಡುಕುತ್ತದೆ.

ಸೋಮವಾರ ಊಟದ ಹೊತ್ತಿಗೆ ನಡೆದದ್ದನ್ನು ಮತ್ತೆ ಬರೆಯುವುದಿಲ್ಲ, ನಿನಗೂ ನೆನಪಿದೆ. ಬೈದದ್ದಕ್ಕೆ ನನಗೆ ಅಷ್ಟೇನೂ ಬೇಸರವಿಲ್ಲ. ಕೈಗೆ ಬಂದ ಬಿ.ಎಸ್ಸಿ. ಸೀಟು ಬಿಟ್ಟು ಸಂವಹನ ಓದುತ್ತೇನೆ ಎಂದು ಮಗಳು ಹೊರಟರೆ ಭೌತಶಾಸ್ತ್ರದ ಮೇಷ್ಟರಾದ ಅಪ್ಪ ಬೈಯದೆ ಇನ್ನೇನು ಮಾಡಿಯಾನು? ಆದರೆ "ಮಾತನಾಡುವುದನ್ನು ಕಲಿಯಲು ಮೂರು ವರ್ಷ ಕಾಲೇಜೇ?" ಎಂದು ನಕ್ಕೆನಲ್ಲ, ನಿನ್ನ ಮಾವನೂ ದನಿಗೂಡಿಸಿದನಲ್ಲ, ಆ ನಗು ಮೂರು ರಾತ್ರಿಯಿಂದ ಕಿವಿ ಬಿಟ್ಟು ಕದಲಿಲ್ಲ. ಮರುದಿನ ಗೋಲಗುಂಬಜ್ ಎಕ್ಸ್‌ಪ್ರೆಸ್ ಹೊರಡುವಾಗ ನೀನು ಆಚೆ ಬದಿಯ ಕಿಟಕಿಗೆ ಹೋಗಿ ಕುಳಿತೆ. ನೀರಿನ ಬಾಟಲಿಯನ್ನು ಯಾರೋ ಅಪರಿಚಿತರ ಕೈಯಲ್ಲಿ ನಿನಗೆ ದಾಟಿಸಬೇಕಾಯಿತು.

ನಿನ್ನ ಹಾಳೆಗಳ ವಿಷಯಕ್ಕೆ ಬರುತ್ತೇನೆ. 'ಅಭಿವೃದ್ಧಿ ಸಂವಹನ' ಎಂಬ ಪತ್ರಿಕೆಯಲ್ಲಿ ಒಂದು ಸಾಲಿದೆ: 'ಸೈಟ್ ಪ್ರಯೋಗ, 1975–76: ಗುರಿ, ವ್ಯಾಪ್ತಿ, ಫಲಿತಾಂಶ.' ಅದಕ್ಕೆ ಎರಡು ಗೆರೆ ಎಳೆದಿದ್ದೇನೆ. ಸೈಟ್ ಎಂದರೆ ಉಪಗ್ರಹದ ಮೂಲಕ ಹಳ್ಳಿಗಳಿಗೆ ಟಿವಿ ಕಾರ್ಯಕ್ರಮ ತಲುಪಿಸಿದ ಪ್ರಯೋಗ. ವ್ಯಾಪ್ತಿ ಎಂದರೆ ಆರು ರಾಜ್ಯಗಳ 2,400 ಹಳ್ಳಿಗಳು. ಕರ್ನಾಟಕದಿಂದ ಆಗಿನ ಬಿಜಾಪುರ, ಗುಲ್ಬರ್ಗಾ, ರಾಯಚೂರು ಜಿಲ್ಲೆಗಳು. ಆ 2,400ರಲ್ಲಿ ನಮ್ಮೂರೂ ಒಂದು. ನಿಮ್ಮ ಪಠ್ಯದ 'ವ್ಯಾಪ್ತಿ'ಯೊಳಗೆ ಮೂರನೆಯ ತರಗತಿಯ ನಾನೂ ಚಡ್ಡಿ ಹಾಕಿಕೊಂಡು ಕುಳಿತಿದ್ದೇನೆ.

ಜಾಲರಿಯ ಕತೆಯನ್ನು ನಿನಗೆ ನೂರು ಸಲ ಹೇಳಿದ್ದೇನೆ. ಆದರೂ ಮೊದಲಿಂದ ಹೇಳದೆ ಮುಂದಿನದು ಬರುವುದಿಲ್ಲ. ಶಾಲೆಯ ಅಂಗಳದಲ್ಲಿ ಹತ್ತಡಿ ಅಗಲದ ಒಂದು ದೊಡ್ಡ ಬುಟ್ಟಿಯನ್ನು ಆಕಾಶಕ್ಕೆ ಮುಖ ಮಾಡಿ ನಿಲ್ಲಿಸಿದರು. ಕೋಳಿಗೂಡಿಗೆ ಹೊದಿಸುತ್ತಾರಲ್ಲ, ಅದೇ ತಂತಿಯ ಜಾಲರಿ. ಊರಿನವರು ಮಳೆ ತರಿಸುವ ಯಂತ್ರ ಎಂದುಕೊಂಡರು. 1972ರ ಬರ ಕಂಡವರಿಗೆ ಆಕಾಶದಿಂದ ಬೇಕಾಗಿದ್ದುದು ಅದೊಂದೇ ತಾನೆ. 36 ಸಾವಿರ ಕಿಲೋಮೀಟರ್ ಎತ್ತರದಲ್ಲಿ, ಆಫ್ರಿಕಾದ ನೆತ್ತಿಯ ಮೇಲೆ, ಅಮೆರಿಕದವರು ಒಂದು ವರ್ಷದ ಮಟ್ಟಿಗೆ ಕೊಟ್ಟ ಎಟಿಎಸ್-6 ಉಪಗ್ರಹ ನಿಂತಿತ್ತು. ಮಡಚಿಕೊಂಡು ಹೋಗಿ ಬಾಹ್ಯಾಕಾಶದಲ್ಲಿ ಛತ್ರಿಯಂತೆ ಬಿಚ್ಚಿಕೊಂಡ ಅದರ ಆಂಟೆನಾ ಮೂವತ್ತು ಅಡಿ ಅಗಲವಿತ್ತು. ಮೇಲಿನದು ಅಷ್ಟು ದೊಡ್ಡದಾದ್ದರಿಂದಲೇ ಕೆಳಗೆ ಕೋಳಿಜಾಲರಿ ಸಾಕಾಯಿತು. ಈ ಲೆಕ್ಕವನ್ನು ಪಿಯುಸಿಯಲ್ಲಿ ಬಿಡಿಸಿದ ದಿನ ನನಗೆ ನಿದ್ದೆ ಬರಲಿಲ್ಲ. ನಾನು ಮೇಷ್ಟರಾದದ್ದು ಆ ಜಾಲರಿಯ ಋಣದಿಂದ.

ಇಷ್ಟು ನಿನಗೆ ಗೊತ್ತು. ಇನ್ನು ಮುಂದಿನದನ್ನು ಯಾರಿಗೂ ಹೇಳಿಲ್ಲ.

ಬೆಳಿಗ್ಗೆ ಮಕ್ಕಳ ಕಾರ್ಯಕ್ರಮ, ಸಂಜೆ ದೊಡ್ಡವರದು. ಹಿಂದಿಗೆ, ತೆಲುಗಿಗೆ ಹಂಚಿ ಉಳಿದ ಸ್ವಲ್ಪ ಹೊತ್ತು ಕನ್ನಡಕ್ಕೆ. ಬೀಗ ಹಾಕಿದ ಪೆಟ್ಟಿಗೆಯೊಳಗೆ ಟಿವಿ, ಬೀಗದ ಕೈ ಹೆಡ್‌ಮಾಸ್ಟರ ಜನಿವಾರದಲ್ಲಿ. ಮುಂದೆ ನಾವು ಹುಡುಗರು, ನಮ್ಮ ಹಿಂದೆ ಗಂಡಸರು, ಎಲ್ಲಕ್ಕೂ ಹಿಂದೆ ಬೇವಿನ ಮರದ ಕತ್ತಲಲ್ಲಿ ಹೆಂಗಸರು. ಅಲ್ಲಿಗೆ ಚಿತ್ರ ಕಾಣುವುದು ಅಷ್ಟಕ್ಕಷ್ಟೇ. ನನ್ನ ಅವ್ವ, ನಿನ್ನ ಆಯಿ, ಅಲ್ಲಿ ನಿಂತಿರುತ್ತಿದ್ದಳು. ಸೊಂಟದಲ್ಲಿ ನನ್ನ ತಂಗಿ. ಆ ಮಳೆಗಾಲ ತಂಗಿಗೆ ವಾಂತಿಭೇದಿ ಹತ್ತಿ ಬಿಟ್ಟಿರಲಿಲ್ಲ. (ಈಗ ಜಮಖಂಡಿಯಲ್ಲಿ ನಮ್ಮೆಲ್ಲರಿಗಿಂತ ಗಟ್ಟಿಯಾಗಿದ್ದಾಳೆ, ಗಾಬರಿಯಾಗಬೇಡ.)

ಒಂದು ಸಂಜೆ ಪರದೆಯ ಮೇಲೆ ಒಬ್ಬ ಹೆಂಗಸು ಬಂದಳು. ಇಸ್ತ್ರಿ ಮಾಡಿದ ಸೀರೆ, ಎಣ್ಣೆ ಹಾಕಿ ಬಾಚಿದ ತಲೆ. ನೀರನ್ನು ಚೆನ್ನಾಗಿ ಕುದಿಸಿ, ಆರಿಸಿ, ಮಕ್ಕಳಿಗೆ ಕೊಡಬೇಕು ಎಂದಳು. ಒಳ್ಳೆಯ ಮಾತು, ಇವತ್ತಿಗೂ ಸರಿಯಾದ ಮಾತು. ಆಗ ಹಿಂದಿನಿಂದ ಅವ್ವನ ದನಿ ಕೇಳಿತು: "ಕುದಿಸುತ್ತೇನಮ್ಮ, ಉರುವಲು ಯಾರು ತಂದುಕೊಡುತ್ತಾರೆ?"

ಗದರಿಸುವ ದನಿಯೇನೂ ಇರಲಿಲ್ಲ. ಬಾಗಿಲಿಗೆ ಬಂದ ನೆಂಟರನ್ನು ಕೇಳುವಂತೆ ಕೇಳಿದಳು. ಹತ್ತಿಕಟ್ಟಿಗೆ ಮುಗಿದಿತ್ತು, ತೊಗರಿಕಟ್ಟಿಗೆ ಇನ್ನೂ ಹೊಲದಲ್ಲಿತ್ತು, ಕುಳ್ಳು ಮಳೆಗೆ ನೆನೆದು ಹೊಗೆಯಾಡುತ್ತಿತ್ತು. ಎರಡು ಹೊತ್ತಿನ ರೊಟ್ಟಿಗೇ ಒಲೆ ಹೊತ್ತಿಸಲು ಒದ್ದಾಡುವವಳ ಪ್ರಶ್ನೆ ಅದು. ಪರದೆಯ ಹೆಂಗಸು ನಿಲ್ಲಿಸದೆ ಮುಂದಕ್ಕೆ ಹೇಳುತ್ತ ಹೋದಳು. ಹೆಡ್‌ಮಾಸ್ಟರು ತಿರುಗಿ, "ತಂಗೀ, ಅದಕ್ಕೆ ಬಾಯಿದೆ, ಕಿವಿಯಿಲ್ಲ" ಎಂದರು. ಊರೆಲ್ಲ ನಕ್ಕಿತು. ಮುಂದಿನ ಸಾಲಿನಲ್ಲಿ ಕುಳಿತ ನಾನೂ ನಕ್ಕೆ. ಎಲ್ಲರಿಗಿಂತ ಜೋರಾಗಿ ನಕ್ಕೆ, ಏಕೆಂದರೆ ಅವಳು ನನ್ನ ಅವ್ವ ಎಂದು ಎಲ್ಲರಿಗೂ ಗೊತ್ತಿತ್ತು. ತಿರುಗಿ ನೋಡಿದಾಗ ಅವಳು ಕತ್ತಲಲ್ಲಿ ಮನೆಯ ಕಡೆ ನಡೆದಿದ್ದಳು. ಮತ್ತೆ ಆ ಅಂಗಳಕ್ಕೆ ಬರಲಿಲ್ಲ. 1976ರ ಜುಲೈ ಕೊನೆಗೆ ಪ್ರಯೋಗ ಮುಗಿಯಿತು. ಉಪಗ್ರಹವನ್ನು ಅಮೆರಿಕದವರು ತಮ್ಮ ಕಡೆಗೆ ಸರಿಸಿಕೊಂಡರು. ಜಾಲರಿಯ ಮೇಲೆ ಕುಂಬಳಬಳ್ಳಿ ಹಬ್ಬಿತು.

ಆಯಿ ಟಿವಿಗೆ ಬೆನ್ನು ಹಾಕಿ ಶೇಂಗಾ ಸುಲಿಯುತ್ತ ಕೂರುವುದೇಕೆ ಎಂದು ನೀನು ಚಿಕ್ಕವಳಿದ್ದಾಗ ಕೇಳುತ್ತಿದ್ದೆ. ಕಣ್ಣು ಮಂಜಾಗಿದೆ ಎಂದು ನಾನು ಹೇಳುತ್ತಿದ್ದೆ. ಅದು ಸುಳ್ಳು. ಅವಳ ಕಣ್ಣು ಕೊನೆಯವರೆಗೂ ಸೂಜಿಗೆ ದಾರ ಪೋಣಿಸುವಷ್ಟು ಚುರುಕಾಗಿತ್ತು.

ನೋಡು, ನಾನು ಮೂವತ್ತು ವರ್ಷ ತರಗತಿಯಲ್ಲಿ ಈ ಪ್ರಯೋಗವನ್ನು ಹಾಡಿ ಹೊಗಳಿದ್ದೇನೆ. ಅಹಮದಾಬಾದ್ ಮತ್ತು ದೆಹಲಿಯಿಂದ ಮೇಲಕ್ಕೆ ಹೋದದ್ದು ನಮ್ಮ ಬೇವಿನ ಮರದ ಕೆಳಗೆ ಹೇಗೆ ಇಳಿಯಿತು ಎಂದು ಬೋರ್ಡಿನ ಮೇಲೆ ಬಾಣ ಎಳೆದಿದ್ದೇನೆ. ಬಾಣ ಕೆಳಮುಖವಾಗಿ ಮಾತ್ರ ಇತ್ತು. ಆ ಜಾಲರಿ ಹಿಡಿಯಬಲ್ಲದು, ಕಳಿಸಲಾರದು. ಭೌತಶಾಸ್ತ್ರದಲ್ಲಿ ಇದು ದೋಷವಲ್ಲ, ವಿನ್ಯಾಸ. ಅಂದು ತುರ್ತು ಪರಿಸ್ಥಿತಿ ಬೇರೆ, ಕೆಳಗಿನಿಂದ ಮೇಲಕ್ಕೆ ಪ್ರಶ್ನೆ ಹೋಗುವ ಕಾಲವೇ ಅದಾಗಿರಲಿಲ್ಲ. ಆದರೂ ಹಳ್ಳಿಗಳಲ್ಲಿ ತಿಂಗಳುಗಟ್ಟಲೆ ಉಳಿದು, ಜನ ಏನು ನೋಡಿದರು, ಏನು ಆಡಿಕೊಂಡರು ಎಂದು ಬರೆದುಕೊಂಡ ಸಂಶೋಧಕರಿದ್ದರಂತೆ. ನಮ್ಮೂರಿಗೆ ಯಾರೂ ಬರಲಿಲ್ಲ. ಬಂದಿದ್ದರೆ ಉರುವಲು ಎಂಬ ಪದ ಎಲ್ಲಾದರೂ ಒಂದು ವರದಿಯಲ್ಲಿ ಸೇರುತ್ತಿತ್ತು. ಅದೇ 1975ರಲ್ಲಿ ಗುಜರಾತಿನ ಖೇಡಾದಲ್ಲಿ ಇಸ್ರೋದವರು ಸಣ್ಣದೊಂದು ಪ್ರಸಾರ ಕೇಂದ್ರ ನಡೆಸಿ, ಹಳ್ಳಿಯವರನ್ನೇ ಸೇರಿಸಿಕೊಂಡು ಕಾರ್ಯಕ್ರಮ ಮಾಡಿದರು. 1984ರಲ್ಲಿ ಅದಕ್ಕೆ ಯುನೆಸ್ಕೋ ಪ್ರಶಸ್ತಿ ಬಂತು. ಅದು ನಿನ್ನ ಹಾಳೆಯಲ್ಲಿಲ್ಲ. ಅಂಚಿನಲ್ಲಿ ಬರೆದಿದ್ದೇನೆ, ನಿಮ್ಮ ಮೇಷ್ಟರನ್ನು ಕೇಳು.

ನೀನು ಹೋದ ಮೈಸೂರಿನಲ್ಲೇ, 1935ರಲ್ಲಿ, ಮಹಾರಾಜ ಕಾಲೇಜಿನ ಪ್ರಾಧ್ಯಾಪಕ ಎಂ.ವಿ. ಗೋಪಾಲಸ್ವಾಮಿಯವರು ಮನೆಯಲ್ಲೇ ಬಾನುಲಿ ಕೇಂದ್ರ ಕಟ್ಟಿದರು. 'ಆಕಾಶವಾಣಿ' ಎಂಬ ಹೆಸರು ಅಲ್ಲಿಯದು. ಅವರು ಭೌತಶಾಸ್ತ್ರದವರು ಎಂದೇ ಬಹಳ ಕಾಲ ನಂಬಿದ್ದೆ. ಮನಃಶಾಸ್ತ್ರದವರಂತೆ. ಇದನ್ನು ಓದಿದಾಗ ಸ್ವಲ್ಪ ಅವಮಾನವಾಯಿತು, ಸುಳ್ಳೇಕೆ ಹೇಳಲಿ.

ಈಗ ನಾಲ್ಕು ಬುದ್ಧಿಮಾತು. ಹೇಳಬಾರದು ಎಂದುಕೊಂಡೇ ಕುಳಿತಿದ್ದೆ. ದಿನಕ್ಕೆ ಎರಡು ಕನ್ನಡ ಪತ್ರಿಕೆಗಳನ್ನು ಪೂರ್ತಿ ಓದು, ಸಂಪಾದಕೀಯ ಬಿಡಬೇಡ. ಅಂಕಿಅಂಶ ಕಲಿ, ಶೇಕಡಾವಾರು ಲೆಕ್ಕ ಬಾರದ ವರದಿಗಾರರನ್ನು ದಿನಾ ನೋಡುತ್ತಿದ್ದೇನೆ. ಕ್ಯಾಮೆರಾದ ಮುಂದೆ ಕಿರುಚುವ ಕೆಲಸಕ್ಕೆ ಆಸೆಪಡಬೇಡ. ಮೊದಲ ಸಂಬಳ ಕಡಿಮೆಯಿರುತ್ತದೆ, ಆಗ ನನ್ನನ್ನು ಕೇಳಲು ನಾಚಬೇಡ. ನಮ್ಮ ಕಡೆಯ ಮಾತನ್ನು ಅಲ್ಲಿ ಯಾರಾದರೂ ಆಡಿಕೊಂಡು ನಕ್ಕರೆ, ನಗಲಿ, ನೀನು ಮಾತು ಬದಲಿಸಬೇಡ. ಪದವಿಯ ಆಮೇಲೆ ಎಂ.ಎ. ಓದುವುದಾದರೆ ಇಲ್ಲೇ ಅಕ್ಕಮಹಾದೇವಿ ಮಹಿಳಾ ವಿಶ್ವವಿದ್ಯಾಲಯದಲ್ಲಿ ಪತ್ರಿಕೋದ್ಯಮ ವಿಭಾಗವಿದೆ. ಮನೆಯಿಂದಲೇ ಹೋಗಿ ಬರಬಹುದು. ಸುಮ್ಮನೆ ಹೇಳಿದೆ. ರಾತ್ರಿ ಎಂಟರ ಮೇಲೆ ಹೊರಗೆ… ಇರಲಿ, ಇದನ್ನು ನಿನ್ನ ಅಮ್ಮ ಫೋನಿನಲ್ಲಿ ಹೇಳುತ್ತಾಳೆ.

ಪಾಠ ಹೇಳುವಾಗ ನನ್ನ ಬಾಣವೂ ಒಂದೇ ದಿಕ್ಕಿಗೆ ಹೋಗುತ್ತದೆ ಎಂದು ನಿನ್ನ ಅಮ್ಮ ಬಹಳ ವರ್ಷದಿಂದ ಹೇಳುತ್ತಿದ್ದಾಳೆ. ಈಗಲೂ ಪಕ್ಕದಲ್ಲಿ ನಿಂತು, "ಒಂದು ಪುಟ ಸಾಕು" ಎನ್ನುತ್ತಿದ್ದಾಳೆ. ನಾಲ್ಕಾಗಿದೆ.

ಸೋಮವಾರದ ನಗುವಿಗೆ ಕ್ಷಮಿಸು. ಅವ್ವನಿಗೆ ಈ ಮಾತು ಹೇಳಲು ಮೂವತ್ತಕ್ಕೂ ಹೆಚ್ಚು ವರ್ಷ ಸಮಯವಿತ್ತು. ದಿನಾ ಎದುರಿಗೇ ಕುಳಿತಿರುತ್ತಿದ್ದಳು. ಅವಳು ಆ ಮಳೆಗಾಲ ನೀರು ಕುದಿಸಿದಳೋ ಇಲ್ಲವೋ, ಅದೂ ನನಗೆ ಗೊತ್ತಿಲ್ಲ.

ಬೇರೆ ಪಾರ್ಸೆಲ್‌ನಲ್ಲಿ ಶೇಂಗಾ ಹಿಂಡಿ, ಸಜ್ಜೆ ರೊಟ್ಟಿ ಬರುತ್ತಿವೆ. ಕೋಣೆಯ ಹುಡುಗಿಯರಿಗೂ ಕೊಡು. ಊರು ಬದಲಾದಾಗ ನೀರು ಒಗ್ಗುವುದಿಲ್ಲ, ನಿನಗೆ ಮೊದಲಿಂದಲೂ ಗಂಟಲು ಸೂಕ್ಷ್ಮ. ಒಂದು ತಿಂಗಳಾದರೂ ನೀರನ್ನು ಚೆನ್ನಾಗಿ ಕುದಿಸಿ, ಆರಿಸಿ ಕುಡಿ.

ಹಾಸ್ಟೆಲಿನಲ್ಲಿ ಕುದಿಸಲು ಏನು ವ್ಯವಸ್ಥೆ ಇದೆ? ಬರೆದು ತಿಳಿಸು.

ನಿನ್ನ ಅಪ್ಪ