ಓದಿದ ದಿನವೇ ಎರಡು ಸಾಲು

ಪುಟ್ಟಿ,

ಮೊನ್ನೆ ಫೋನಿನಲ್ಲಿ "ಅಮ್ಮಾ, ಈ ವರ್ಷ ನಾನು ಏನೂ ಓದೇ ಇಲ್ಲ" ಅಂದೆಯಲ್ಲ, ಆ ಮಾತು ಇನ್ನೂ ತಲೆಯಲ್ಲೇ ಸುತ್ತುತ್ತಿದೆ. ಯಾಕೆಂದರೆ ಅದು ನಿಜ ಅಲ್ಲ. ಕಳೆದ ಮೂರು ತಿಂಗಳಲ್ಲಿ ನೀನೇ ನನಗೆ ನಾಲ್ಕು ಪುಸ್ತಕಗಳ ಬಗ್ಗೆ ಹೇಳಿದ್ದೀಯ. ಜೇನುಹುಳುಗಳದ್ದು ಒಂದು, ಆ ದಪ್ಪ ಪತ್ತೇದಾರಿ ಕಾದಂಬರಿ, ಒಬ್ಬ ವೈದ್ಯೆಯ ಆತ್ಮಕಥೆ, ಮತ್ತೆ ಅರ್ಧಕ್ಕೆ ಬಿಟ್ಟ ಕವಿತೆಗಳ ಪುಸ್ತಕ. ನನಗೆ ನೆನಪಿದೆ, ನಿನಗೆ ಮರೆತುಹೋಗಿದೆ. ಅದಕ್ಕೇ ಈ ಪತ್ರ.

ನನ್ನ ನೀಲಿ ರಟ್ಟಿನ ನೋಟ್‌ಬುಕ್ ಗೊತ್ತಲ್ಲ? ನಿನ್ನೆ ತೆಗೆದು ನೋಡಿದೆ. ಮೊದಲ ಎರಡು ವರ್ಷ ಬರೀ ಪುಸ್ತಕದ ಹೆಸರು, ಬರೆದವರ ಹೆಸರು, ಮುಗಿಸಿದ ತಾರೀಖು. ಅದರಲ್ಲಿ ಹನ್ನೊಂದು ಪುಸ್ತಕಗಳ ಒಂದೇ ಒಂದು ಪಾತ್ರವೂ ನೆನಪಿಗೆ ಬರಲಿಲ್ಲ. ಹೊಟ್ಟೆ ಚುರುಕ್ ಅಂದಿತು. ಆಮೇಲಿನ ಪುಟಗಳಲ್ಲಿ ಹೆಸರಿನ ಕೆಳಗೆ ಎರಡು ಮೂರು ಸಾಲು ಬರೆಯಲು ಶುರು ಮಾಡಿದ್ದೆ. ಒಂದು ಕಡೆ ಹೀಗಿತ್ತು: "ಮುದುಕಿ ಬೀಗದ ಕೈಯನ್ನು ಬಾವಿಗೆ ಎಸೆಯುವಲ್ಲಿಗೆ ನಿಲ್ಲಿಸಿದೆ. ಮಗಳಿಗೆ ಜ್ವರ. ಉಳಿದದ್ದು ನಾಳೆ." ಅಷ್ಟು ಓದಿದ್ದೇ ತಡ, ಇಡೀ ಕಾದಂಬರಿ ವಾಪಸ್ ಬಂತು, ಜೊತೆಗೆ ಆ ರಾತ್ರಿ ನಿನ್ನ ಹಣೆ ಮೇಲಿಟ್ಟಿದ್ದ ಒದ್ದೆ ಬಟ್ಟೆಯೂ.

ಹೆರ್ಮಾನ್ ಎಬಿಂಗ್‌ಹೌಸ್ ಅಂತ ಒಬ್ಬ ಜರ್ಮನ್ ಮನೋವಿಜ್ಞಾನಿ ಇದ್ದರು. ಅರ್ಥವಿಲ್ಲದ ಅಕ್ಷರಗಳ ಗುಂಪುಗಳನ್ನು ತಾವೇ ಬಾಯಿಪಾಠ ಮಾಡಿ, ಎಷ್ಟು ಹೊತ್ತಿಗೆ ಎಷ್ಟು ಮರೆಯುತ್ತದೆ ಅಂತ ಲೆಕ್ಕ ಇಟ್ಟು, 1885ರಲ್ಲಿ ಅದನ್ನು ಪ್ರಕಟಿಸಿದರು. ಮರೆವು ಶುರುವಿನಲ್ಲೇ ಜಾಸ್ತಿ, ಆಮೇಲೆ ನಿಧಾನ. ಕಥೆಯನ್ನು ನಾವು ಅಷ್ಟು ಬೇಗ ಮರೆಯುವುದಿಲ್ಲ, ಆದರೂ ಮುಗಿಸಿದ ದಿನವೇ ಬರೆ ಅಂತ ನಾನು ಹಟ ಹಿಡಿಯುವುದು ಅದಕ್ಕೇ. ಭಾನುವಾರ ಒಟ್ಟಿಗೆ ಬರೆಯುತ್ತೇನೆ ಅಂದರೆ ಆಗುವುದಿಲ್ಲ, ನಾನು ಮಾಡಿ ನೋಡಿದ್ದೇನೆ.

ಬರೆಯುವಾಗ ಪುಸ್ತಕ ಮುಚ್ಚಿಡು. ಇದು ಮುಖ್ಯ. 2006ರಲ್ಲಿ ರೋಡಿಗರ್ ಮತ್ತು ಕಾರ್ಪಿಕಿ ಅನ್ನುವ ಇಬ್ಬರು ಸಂಶೋಧಕರು ವಿದ್ಯಾರ್ಥಿಗಳಿಗೆ ಒಂದು ಬರಹ ಕೊಟ್ಟು, ಕೆಲವರಿಗೆ ಅದನ್ನೇ ಮತ್ತೆ ಓದಲು ಹೇಳಿದರು, ಕೆಲವರಿಗೆ ನೋಡದೆ ನೆನಪಿದ್ದಷ್ಟು ಬರೆಯಲು ಹೇಳಿದರು. ಐದು ನಿಮಿಷ ಬಿಟ್ಟು ಪರೀಕ್ಷಿಸಿದಾಗ ಮತ್ತೆ ಓದಿದವರೇ ಮುಂದಿದ್ದರು. ಒಂದು ವಾರ ಬಿಟ್ಟು ಕೇಳಿದರೆ ನೆನಪಿನಿಂದ ಬರೆದವರು ಮುಂದೆ! ಹಾಗಾಗಿ ಹಿಂದಿನ ರಟ್ಟಿನ ಮೇಲಿನ ಸಾರಾಂಶ ನಕಲು ಮಾಡಬೇಡ. ನಿನ್ನ ತಲೆಯಲ್ಲಿ ಏನು ಉಳಿಯಿತೋ ಅದನ್ನೇ ಬರೆ, ತಪ್ಪಿದ್ದರೂ ಪರವಾಗಿಲ್ಲ. ಒಂದು ವಾಕ್ಯ ತುಂಬಾ ಇಷ್ಟವಾದರೆ ಮಾತ್ರ ಪುಸ್ತಕ ತೆರೆದು ಪುಟಸಂಖ್ಯೆಯ ಜೊತೆ ಬರೆದುಕೋ. ನೀನು ಮೊಬೈಲ್‌ನಲ್ಲಿ ಓದುವವಳು, ಅಲ್ಲಿ ಅಕ್ಷರದ ಗಾತ್ರ ಬದಲಾದರೆ ಪುಟವೂ ಬದಲಾಗಬಹುದು, ಆಗ ಅಧ್ಯಾಯ ಬರೆದುಕೊಂಡರೆ ಸಾಕು. ಇಂಟರ್ನೆಟ್‌ನಲ್ಲಿ ಓದಿದ ಲೇಖನಕ್ಕೆ ಬರೀ ಲಿಂಕ್ ಇಟ್ಟುಕೊಳ್ಳಬೇಡ, ಎಷ್ಟೋ ಲಿಂಕ್‌ಗಳು ಒಂದೆರಡು ವರ್ಷಕ್ಕೆ ಸತ್ತೇ ಹೋಗುತ್ತವೆ. ಬರೆದವರ ಹೆಸರು, ತಲೆಬರಹ, ದಿನಾಂಕ ಇರಲಿ. ಆ ಪುಸ್ತಕ ಓದು ಅಂತ ನಿನಗೆ ಯಾರು ಹೇಳಿದರು ಅನ್ನುವುದನ್ನೂ ಬರೆ. ನನ್ನ ನೋಟ್‌ಬುಕ್‌ನಲ್ಲಿ ಅಂಥ ಹೆಸರುಗಳನ್ನು ನೋಡಿದಾಗ ಆಗುವ ಖುಷಿಯೇ ಬೇರೆ.

ವರ್ಷಕ್ಕೆ ಐವತ್ತು ಪುಸ್ತಕ ಅಂತ ಆ್ಯಪ್‌ನಲ್ಲಿ ಗುರಿ ಇಟ್ಟಿದ್ದೀಯಲ್ಲ, ಅದು ನನಗೆ ಇಷ್ಟವಾಗಲಿಲ್ಲ ಕಣೇ. ನಾನೂ ಒಂದು ವರ್ಷ ಹಾಗೆ ಲೆಕ್ಕ ಹಾಕಿ ಓದಿದೆ. ಡಿಸೆಂಬರ್ ಬಂದಾಗ ಕೈ ಸುಮ್ನೆ ತೆಳುವಾದ ಪುಸ್ತಕಗಳ ಕಡೆಗೇ ಹೋಗುತ್ತಿತ್ತು, ಓದಬೇಕು ಅಂದುಕೊಂಡಿದ್ದ ದಪ್ಪ ಪುಸ್ತಕ ಹಾಗೇ ಉಳಿಯಿತು. ಐದಕ್ಕೆ ಎಷ್ಟು ನಕ್ಷತ್ರ ಅನ್ನುವುದೂ ಬೇಡ. ಮೂರು ನಕ್ಷತ್ರ ಕೊಟ್ಟದ್ದು ಯಾಕೆ ಅಂತ ಆರು ತಿಂಗಳ ನಂತರ ನಿನಗೇ ಗೊತ್ತಾಗುವುದಿಲ್ಲ.

ಅರ್ಧಕ್ಕೆ ಬಿಟ್ಟದ್ದನ್ನು ಮುಚ್ಚಿಡಬೇಡ. ಚಾರ್ಲ್ಸ್ ಡಾರ್ವಿನ್ 1838ರಿಂದ 1860ರವರೆಗೆ ಓದಿದ್ದರ ಪಟ್ಟಿ, ಓದಬೇಕಾದ್ದರ ಪಟ್ಟಿ ಎರಡನ್ನೂ ನೋಟ್‌ಬುಕ್‌ನಲ್ಲಿ ಇಟ್ಟಿದ್ದರು. ಅವರೂ ಕೆಲವು ಪುಸ್ತಕಗಳ ಪಕ್ಕ, ಮೇಲೆ ಮೇಲೆ ನೋಡಿದೆ ಅಂತಲೇ ಬರೆದುಕೊಂಡಿದ್ದಾರೆ. ನೀನು ಆ ಕವಿತೆಗಳನ್ನು ಎಲ್ಲಿ ಬಿಟ್ಟೆ, ಯಾಕೆ ಬಿಟ್ಟೆ, ಅದನ್ನೂ ಬರೆ. ಸುಸ್ತಾಗಿತ್ತೋ, ಬೇಸರವಾಯಿತೋ, ಅರ್ಥವೇ ಆಗಲಿಲ್ಲವೋ. ಸುಸ್ತಿಗೆ ಬಿಟ್ಟ ಪುಸ್ತಕವನ್ನು ಮತ್ತೆ ಹಿಡಿಯಬಹುದು, ಅಲ್ವಾ?

ನೋಟ್‌ಬುಕ್ಕೋ ಮೊಬೈಲೋ, ನಿನಗೆ ಬಿಟ್ಟದ್ದು. ಇವತ್ತು ರಾತ್ರಿ ಆ ನಾಲ್ಕರಿಂದಲೇ ಶುರು ಮಾಡು. ಜೇನುಹುಳುಗಳು ಕುಣಿದು ಒಂದಕ್ಕೊಂದು ಹೂವಿನ ದಾರಿ ಹೇಳುತ್ತವಂತೆ ಅಂತ ನೀನು ಫೋನಿನಲ್ಲಿ ಹೇಳುವಾಗ ನಿನ್ನ ದನಿ ಎಷ್ಟು ಅರಳಿತ್ತು ಗೊತ್ತಾ? ಮೊದಲ ಸಾಲು ಅದೇ ಇರಲಿ. ಮುಂದಿನ ಸಲ ಬರುವಾಗ ಬರೆದದ್ದನ್ನು ತಗೊಂಡು ಬಾ, ನನ್ನ ನೀಲಿ ನೋಟ್‌ಬುಕ್ ನಿನಗೆ ಕೊಡುತ್ತೇನೆ, ನಿನ್ನದನ್ನು ನಾನು ಓದುತ್ತೇನೆ.

ನಿನ್ನ
ಅಮ್ಮ