ವಂಚಕರ ಕೋಟೆ ಗಡಿಯಾಚೆ, ಬ್ಯಾಂಕ್ ಖಾತೆ ನಮ್ಮೂರಿನಲ್ಲಿ

ಮಾನ್ಯ ಸಂಪಾದಕರೇ,

ಪೊಲೀಸರ ಸೋಗಿನಲ್ಲಿ ವಿಡಿಯೊ ಕರೆ ಮಾಡಿ, ಬಂಧಿಸಿದ್ದೇವೆಂದು ಹೆದರಿಸಿ ಹಣ ದೋಚುವ ‘ಡಿಜಿಟಲ್ ಅರೆಸ್ಟ್’ ಪ್ರಕರಣಗಳನ್ನು ನಾವು ಇನ್ನೂ ಬಿಡಿಬಿಡಿ ಮೋಸಗಳೆಂದೇ ಓದುತ್ತಿದ್ದೇವೆ. ಆದರೆ ಇಂಥ ಅನೇಕ ಕರೆಗಳ ಹಿಂದಿರುವುದು ಮ್ಯಾನ್ಮಾರ್‌ನ ಮ್ಯಾವಡಿ, ಕಾಂಬೋಡಿಯಾದ ಸಿಹಾನೂಕ್‌ವಿಲ್ ಮುಂತಾದೆಡೆ ಎತ್ತರದ ಗೋಡೆ, ಮುಳ್ಳುತಂತಿಯ ಒಳಗೆ ಬೆಳೆದ ಸಂಘಟಿತ ದಂಧೆ. ಈ ಎರಡು ದೇಶಗಳಲ್ಲೇ ಎರಡು ಲಕ್ಷಕ್ಕೂ ಹೆಚ್ಚು ಜನರನ್ನು ಬಲವಂತವಾಗಿ ವಂಚನೆಯ ಕೆಲಸಕ್ಕೆ ಹಚ್ಚಿರಬಹುದೆಂದು ವಿಶ್ವಸಂಸ್ಥೆಯ ಮಾನವ ಹಕ್ಕುಗಳ ಕಚೇರಿ 2023ರಲ್ಲಿ ಅಂದಾಜಿಸಿತ್ತು. ಥಾಯ್ಲೆಂಡಿನಲ್ಲಿ ಡೇಟಾ ಎಂಟ್ರಿ ಕೆಲಸವೆಂದು ನಂಬಿ ಹೊರಟ ನಮ್ಮ ದೇಶದ ಹುಡುಗರೂ ಅಲ್ಲಿ ಪಾಸ್‌ಪೋರ್ಟ್ ಕಳೆದುಕೊಂಡು ಸೆರೆಯಾಳುಗಳಾಗಿದ್ದಾರೆ. 2025ರ ಮಾರ್ಚ್‌ನಲ್ಲಿ ವಾಯುಪಡೆಯ ವಿಮಾನಗಳಲ್ಲಿ 549 ಭಾರತೀಯರನ್ನು ಕರೆತರಬೇಕಾಯಿತು. ಅದಕ್ಕೂ ಮುಂಚೆ, ಫೆಬ್ರುವರಿಯಲ್ಲಿ, ತನ್ನ ಗಡಿಯಾಚೆಯ ಮ್ಯಾನ್ಮಾರ್ ಊರುಗಳಿಗೆ ಥಾಯ್ಲೆಂಡ್ ಕರೆಂಟು ಕಡಿದರೂ ದಂಧೆ ನಿಲ್ಲಲಿಲ್ಲ.

ಅಲ್ಲಿ ಮುಚ್ಚಿಸಲಾಗದ ಈ ಜಾಲದ ಉಸಿರನ್ನು ಇಲ್ಲಿಯೇ ಕಟ್ಟಬಹುದೆಂಬುದು ಬ್ಯಾಂಕಿನಲ್ಲಿ ದುಡಿದ ನನ್ನ ನಂಬಿಕೆ. ದೋಚಿದ ಹಣ ನೇರವಾಗಿ ಮ್ಯಾನ್ಮಾರ್‌ಗೆ ಹೋಗುವುದಿಲ್ಲ. ಅದು ಮೊದಲು ಇಳಿಯುವುದು, ಕೆಲವು ಸಾವಿರ ರೂಪಾಯಿಯ ಆಸೆಗೆ ಪಾಸ್‌ಬುಕ್, ಎಟಿಎಂ ಕಾರ್ಡ್, ಸಿಮ್ ಮೂರನ್ನೂ ಮಧ್ಯವರ್ತಿಯ ಕೈಗಿತ್ತ ನಮ್ಮದೇ ದೇಶದ ಯಾವುದೋ ವಿದ್ಯಾರ್ಥಿಯ ಅಥವಾ ಕೂಲಿಕಾರನ ಖಾತೆಗೆ. ಅಲ್ಲಿಂದ ನಿಮಿಷಗಳಲ್ಲಿ ಹತ್ತಾರು ಖಾತೆಗಳಿಗೆ ಹರಿದು, ಬಹಳಷ್ಟು ಸಲ ಕ್ರಿಪ್ಟೊ ರೂಪದಲ್ಲಿ ದೇಶ ದಾಟುತ್ತದೆ. 2024ರ ಜುಲೈ 1ರಂದು ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯ 111ನೇ ಕಲಮು ಸೈಬರ್ ಅಪರಾಧವನ್ನೂ ಸಂಘಟಿತ ಅಪರಾಧದ ವ್ಯಾಪ್ತಿಗೆ ತಂದಿದೆ. ಖಾತೆ ಕೊಟ್ಟ ಬಡಪಾಯಿಯನ್ನು ಹಿಡಿದು ಕಡತ ಮುಗಿಸದೆ, ಖಾತೆ ಕೊಂಡ ಮಧ್ಯವರ್ತಿಯನ್ನೂ ಹುಡುಗರನ್ನು ವಿಮಾನ ಹತ್ತಿಸಿದ ಏಜೆಂಟನನ್ನೂ ಒಂದೇ ಜಾಲದವರೆಂದು ಕಂಡು, ಪೊಲೀಸರು ಈ ಕಲಮನ್ನು ಬಳಸಬೇಕು.

ಬ್ಯಾಂಕುಗಳ ಹೊಣೆಯೂ ಕಡಿಮೆಯದಲ್ಲ. ನನ್ನ ನಿವೃತ್ತಿಗೆ ಕೆಲವೇ ತಿಂಗಳಿದ್ದಾಗ ಹಿರಿಯರೊಬ್ಬರು ಠೇವಣಿ ಮುರಿಸಲು ಬಂದಿದ್ದರು. ಅಂಗಿಯ ಜೇಬಿನಲ್ಲಿ ಫೋನು, ಅದರ ಕ್ಯಾಮೆರಾ ನನ್ನತ್ತ. ಯಾಕಿಷ್ಟು ಹಣವೆಂದು ಕೇಳಿದೆ. ಮನೆ ರಿಪೇರಿಗೆ ಎಂದರು. ಆರ್‌ಟಿಜಿಎಸ್ ಫಾರಂ ಮೇಲೆ ಅವರ ಕೈ ನಡುಗುತ್ತಿದ್ದುದನ್ನು ನೋಡಿಯೂ ನಾನು ಸಹಿ ಹಾಕಿದೆ. ಜೀವಮಾನದ ಉಳಿತಾಯ ಹೋಯಿತೆಂದು ಮೂರನೇ ದಿನ ತಿಳಿಯಿತು. ಆ ಕೈ ನನ್ನ ಕಣ್ಣಿನಿಂದ ಇನ್ನೂ ಮರೆಯಾಗಿಲ್ಲ.

ಹಿರಿಯ ನಾಗರಿಕರು ಅವಧಿಗೆ ಮುನ್ನ ದೊಡ್ಡ ಠೇವಣಿ ಮುರಿಸಲು ಬಂದರೆ, ಫೋನನ್ನು ಹೊರಗಿರಿಸಿ ಮ್ಯಾನೇಜರ್ ಕೋಣೆಯಲ್ಲಿ ಹತ್ತು ನಿಮಿಷ ಮಾತನಾಡಿಸುವುದನ್ನೂ, ಅನುಮಾನ ಬಂದರೆ ಅಲ್ಲಿಂದಲೇ ಸೈಬರ್ ವಂಚನೆ ಸಹಾಯವಾಣಿ 1930ಕ್ಕೆ ಕರೆ ಮಾಡುವುದನ್ನೂ ಪ್ರತಿ ಶಾಖೆಯಲ್ಲಿ ಕಡ್ಡಾಯಗೊಳಿಸಬೇಕೆಂದು ವಿನಂತಿಸುತ್ತೇನೆ.

– ನಿವೃತ್ತ ಬ್ಯಾಂಕ್ ಉದ್ಯೋಗಿ, ದಾವಣಗೆರೆ