ಪುಟ್ಟಿಗೆ, ಪುಸ್ತಕದ ಪಟ್ಟಿಯ ಬಗ್ಗೆ

ಪ್ರೀತಿಯ ಪುಟ್ಟಿ,

ಆಶೀರ್ವಾದಗಳು. ಇಲ್ಲಿ ಎಲ್ಲರೂ ಕ್ಷೇಮ. ನಿನ್ನ ದೊಡ್ಡಪ್ಪನ ಮಂಡಿನೋವು ಎಷ್ಟೋ ವಾಸಿ. ಅವರು ಮಾತ್ರ ಅದನ್ನು ಒಪ್ಪಿಕೊಳ್ಳುವುದಿಲ್ಲ.

ನೀನು ಕಳಿಸಿದ ಪಟ್ಟಿ ನೋಡಿದೆ. ನಿಮ್ಮ ಅಪಾರ್ಟ್‌ಮೆಂಟಿನ ಓದುಗರ ಗುಂಪಿಗೆ ಪುಸ್ತಕ ಆರಿಸುವ ಕೆಲಸ ನಿನ್ನ ತಲೆಗೆ ಬಿದ್ದಿದೆ ಅಂತ ಕೇಳಿ ಖುಷಿಯಾಯಿತು. ಎಲ್ಲರಿಗೂ ಹೊಸ ಕಾದಂಬರಿ ಬೇಕು, ಓದಿದರೆ ಮನಸ್ಸಿಗೆ ಹಿತವಾಗಬೇಕು, ಪಾತ್ರಗಳು ಜೀವಂತವಾಗಿರಬೇಕು. ಸರಿ. ಆದರೆ ನಿನ್ನ ಪಟ್ಟಿಯಲ್ಲಿ ಪುಸ್ತಕಗಳ ಹೆಸರನ್ನು ಅದಲುಬದಲು ಮಾಡಿದರೂ ಯಾರಿಗೂ ಗೊತ್ತಾಗುವುದಿಲ್ಲ ಕಣೇ. ಎಲ್ಲವೂ ಮನಕಲಕುತ್ತವೆ, ಎಲ್ಲವೂ ಒಂದೇ ಗುಕ್ಕಿಗೆ ಓದಿಸಿಕೊಳ್ಳುತ್ತವೆ, ಎಲ್ಲದರ ಕೊನೆಗೂ ಕಣ್ಣು ಒದ್ದೆಯಾಗುತ್ತದೆ. ಪ್ರಕಾಶಕರು ಪುಸ್ತಕದ ಬೆನ್ನಿಗೆ ಹಾಕುವ ಮಾತು ಇದು. ಅವರಿಗೆ ಪುಸ್ತಕ ಮಾರಬೇಕು, ಹಾಕುತ್ತಾರೆ. ನಿನಗೇನು ಬಂದಿದೆ?

ಇಂಥ ಕಾದಂಬರಿಯನ್ನು ಶಿಫಾರಸು ಮಾಡುವಾಗ ನೀನು ಒಬ್ಬ ಮನುಷ್ಯನನ್ನು ಇನ್ನೊಬ್ಬರ ಮನೆಗೆ ಕರೆದುಕೊಂಡು ಹೋಗುತ್ತಿದ್ದೀಯ. ಸಂಬಂಧ ಕುದುರಿಸುವವರು ಎರಡೂ ಕಡೆಯವರನ್ನು ನೋಡಿರುತ್ತಾರೆ, ಅಲ್ವಾ? ನೀನೂ ನೋಡಿರಬೇಕು. ಪುಸ್ತಕದೊಳಗಿನವನು ಯಾರು, ಓದುವವರು ಯಾರು. ಎರಡರಲ್ಲಿ ಒಂದು ಗೊತ್ತಿಲ್ಲದಿದ್ದರೂ ಬಾಯಿ ಬಿಡಬೇಡ.

ನಿನ್ನ ಪಟ್ಟಿಯ ಮೊದಲ ಪುಸ್ತಕವನ್ನೇ ತೆಗೆದುಕೋ, ಫ್ರೆಡ್ರಿಕ್ ಬ್ಯಾಕ್‌ಮನ್‌ನ 'ಎ ಮ್ಯಾನ್ ಕಾಲ್ಡ್ ಊವೆ'. ಸ್ವೀಡಿಷ್‌ನಲ್ಲಿ 2012ರಲ್ಲೇ ಬಂದದ್ದು, ಹೊಸದೇನಲ್ಲ, ಇರಲಿ. 'ಸಿಡುಕು ಮುದುಕನೊಬ್ಬನ ಹೃದಯಸ್ಪರ್ಶಿ ಕಥೆ' ಅಂತ ಬರೆದಿದ್ದೀಯ. ಅಂಥ ಮುದುಕರು ಊರ ತುಂಬ ಇದ್ದಾರೆ, ಅವನನ್ನೇ ಯಾಕೆ ನೋಡಬೇಕು? ಅವನು ಏನು ಮಾಡುತ್ತಾನೆ ಅಂತ ಹೇಳು. ಐವತ್ತೊಂಬತ್ತು ವರ್ಷ. ಬೆಳಿಗ್ಗೆ ಆರಕ್ಕೆ ಕಾಲು ಗಂಟೆ ಇರುವಾಗಲೇ ಏಳುತ್ತಾನೆ. ಕಾಲೊನಿಯ ಸುತ್ತ ತಪಾಸಣೆಗೆ ಹೊರಡುತ್ತಾನೆ. ಗ್ಯಾರೇಜಿನ ಬಾಗಿಲು ಜಗ್ಗಿ ನೋಡುತ್ತಾನೆ. ಅತಿಥಿಗಳ ಪಾರ್ಕಿಂಗಿನಲ್ಲಿ ನಿಂತ ಕಾರುಗಳ ನಂಬರು ಬರೆದುಕೊಳ್ಳುತ್ತಾನೆ, ಇಪ್ಪತ್ನಾಲ್ಕು ಗಂಟೆಗಿಂತ ಜಾಸ್ತಿ ಯಾರು ನಿಲ್ಲಿಸಿದ್ದಾರೆ ಅಂತ ನೋಡಬೇಕಲ್ಲ. ಒಂದು ಕಾಲಕ್ಕೆ ಅವನೇ ನಿವಾಸಿಗಳ ಸಂಘದ ಅಧ್ಯಕ್ಷ. ಅವನನ್ನು ಇಳಿಸಿದ ಸಿಟ್ಟು ಇನ್ನೂ ಆರಿಲ್ಲ. ಇಷ್ಟು ಹೇಳಿ ನೋಡು. ನಿಮ್ಮ ಗುಂಪಿನಲ್ಲಿ ಯಾರಾದರೂ 'ಅಯ್ಯೋ, ನಮ್ಮ ಬಿ ಬ್ಲಾಕಿನ ಅಂಕಲ್!' ಅನ್ನದೆ ಇದ್ದರೆ ಕೇಳು. ಅಷ್ಟು ಸಾಕು, ಪುಸ್ತಕ ತಾನಾಗಿ ಕೈಗೆ ಹೋಗುತ್ತದೆ.

ಆದರೆ ಇದೇ ಪುಸ್ತಕವನ್ನು ಮೂರನೇ ಮಹಡಿಯ ಆಂಟಿಗೆ ಕೊಡಬೇಕು ಅಂತಲೂ ಬರೆದಿದ್ದೀಯ. ಅವರ ಯಜಮಾನರು ಹೋಗಿ ಇನ್ನೂ ವರ್ಷ ತುಂಬಿಲ್ಲ ಅಂತ ನೀನೇ ಹೇಳಿದ್ದೆ. ಊವೆಯ ಹೆಂಡತಿ ತೀರಿಕೊಂಡು ಆರು ತಿಂಗಳಾಗಿದೆ ಪುಟ್ಟಿ. ಅವನು ಸಾಯಬೇಕು ಅಂತ ತೀರ್ಮಾನಿಸಿದ್ದಾನೆ. ಒಂದು ಸಲ ಅಲ್ಲ, ಮತ್ತೆ ಮತ್ತೆ ಪ್ರಯತ್ನಪಡುತ್ತಾನೆ. ಪ್ರತಿ ಸಲವೂ ಪಕ್ಕದ ಮನೆಗೆ ಬಂದ ಪರ್ವಾನೆ ಎಂಬ ಬಸುರಿ ಹೆಂಗಸೋ, ಇನ್ಯಾರೋ ಬಂದು ಏನಾದರೂ ಕೆಲಸ ಹಚ್ಚುತ್ತಾರೆ. ನಗು ಬರುತ್ತದೆ, ನಿಜ. ಅವರಿಗೂ ನಗು ಬರುತ್ತದಾ? ಬರಬಹುದು, ಬರದೆಯೂ ಇರಬಹುದು. ಅದನ್ನು ತೀರ್ಮಾನಿಸಬೇಕಾದವರು ಅವರು. ಮೊದಲೇ ಹೇಳಿಬಿಡು: 'ಇದರಲ್ಲಿ ಆತ್ಮಹತ್ಯೆಯ ವಿಷಯ ಬರುತ್ತೆ ಆಂಟಿ, ಈಗ ಬೇಡ ಅನ್ನಿಸಿದರೆ ಆಮೇಲೆ ಓದಿ.' ಹಾಗೆ ಹೇಳಿದರೆ ಕಥೆಯ ಗುಟ್ಟು ಬಿಟ್ಟುಕೊಟ್ಟ ಹಾಗಾಗುವುದಿಲ್ಲ. ಕೊನೆಗೆ ಏನಾಯಿತು ಅಂತ ಹೇಳಿದರೆ ತಪ್ಪು. ದಾರಿಯಲ್ಲಿ ಹಳ್ಳ ಇದೆ ಅಂತ ಹೇಳದಿದ್ದರೂ ತಪ್ಪೇ.

ಬಾನು ಮುಷ್ತಾಕ್ ಅವರ 'ಹಾರ್ಟ್ ಲ್ಯಾಂಪ್' ಅನ್ನೂ ಈ ಪಟ್ಟಿಯಲ್ಲೇ ಹಾಕಿದ್ದೀಯ. ದೀಪಾ ಭಾಸ್ತಿ ಇಂಗ್ಲಿಷಿಗೆ ತಂದ ಆ ಹನ್ನೆರಡು ಕಥೆಗಳಿಗೆ 2025ರಲ್ಲಿ ಇಂಟರ್‌ನ್ಯಾಷನಲ್ ಬುಕರ್ ಬಂದಾಗ ನಾವೆಲ್ಲ ಎಷ್ಟು ಕುಣಿದಾಡಿದ್ದೆವು! ಗುಂಪಿಗೆ ಖಂಡಿತ ಓದಿಸು. ಆದರೆ ಬೆಚ್ಚಗಿನ ಪುಸ್ತಕ ಅಂತ ಹೇಳಿ ಓದಿಸಬೇಡ. ಅಲ್ಲಿ ಪ್ರೀತಿ ಇದೆ, ತಮಾಷೆ ಇದೆ, ಅದರ ಕೆಳಗೆ ಕಾದ ಸಿಟ್ಟೂ ಇದೆ. ಶೀರ್ಷಿಕೆಯ ಕಥೆಯಲ್ಲಿ ಗಂಡ ಬಿಟ್ಟ ಹೆಂಗಸೊಬ್ಬಳು ಬೆಂಕಿ ಹಚ್ಚಿಕೊಳ್ಳುವ ತನಕ ಹೋಗುತ್ತಾಳೆ. ಭಾನುವಾರ ಮಧ್ಯಾಹ್ನ ಕಾಫಿ ಜೊತೆ ಹಗುರವಾಗಿ ಏನಾದರೂ ಓದೋಣ ಅಂತ ಕೂತವರು ಬೆಚ್ಚಿಬೀಳುತ್ತಾರೆ. ಆಮೇಲೆ ನಿನ್ನ ಶಿಫಾರಸಿನ ಮೇಲೆ ನಂಬಿಕೆ ಹೋಗುತ್ತದೆ. ಅದಕ್ಕಿಂತ ಜಾಸ್ತಿ, ಒಳ್ಳೆಯ ಪುಸ್ತಕಕ್ಕೆ ಅನ್ಯಾಯವಾಗುತ್ತದೆ. ಅದಕ್ಕೆ ಒಂದು ತಿಂಗಳು ಬೇರೆಯೇ ಇಡು.

ನಾನು ಬ್ಯಾಂಕಿನ ವರ್ಗಾವಣೆಯಲ್ಲಿ ಊರೂರು ಸುತ್ತುವಾಗ ಹೋದಲ್ಲೆಲ್ಲ ಮೊದಲು ಹುಡುಕುತ್ತಿದ್ದದ್ದು ಸರ್ಕ್ಯುಲೇಟಿಂಗ್ ಲೈಬ್ರರಿ. ಒಂದು ಊರಿನಲ್ಲಿ ಅಂಥ ಲೈಬ್ರರಿ ನಡೆಸುತ್ತಿದ್ದವರೊಬ್ಬರಿದ್ದರು. ಪುಸ್ತಕ ಕೊಡುವ ಮುಂಚೆ ಅವರು ಪುಸ್ತಕದ ಮಾತೇ ಎತ್ತುತ್ತಿರಲಿಲ್ಲ. 'ಅತ್ತೆಯವರ ಕಣ್ಣಿನ ಆಪರೇಷನ್ ಆಯ್ತಾ? ಮಗನ ಪರೀಕ್ಷೆ ಮುಗೀತಾ?' ಅಂತ ವಿಚಾರಿಸುತ್ತಿದ್ದರು. ಆಮೇಲೆ ಮೇಜಿನ ಕೆಳಗಿನಿಂದ ಕಂದು ರಟ್ಟು ಹಾಕಿದ ಒಂದು ಪುಸ್ತಕ ತೆಗೆದು ಕೊಡುತ್ತಿದ್ದರು. ಕಾಯಂ ಓದುವ ಹೆಂಗಸರು ಒಳಗಿನ ಯಾವುದೋ ಪುಟದಲ್ಲಿ ಪೆನ್ಸಿಲಿನಿಂದ ತಮ್ಮದೇ ಒಂದು ಗುರುತು ಹಾಕಿಡುತ್ತಿದ್ದರು. ಒಬ್ಬರದ್ದು ಚುಕ್ಕಿ, ಒಬ್ಬರದ್ದು ಸಣ್ಣ ತ್ರಿಕೋನ. ಈಗಾಗಲೇ ಓದಿದ್ದನ್ನು ಮತ್ತೆ ಬಾಡಿಗೆಗೆ ತರಬಾರದಲ್ಲ! ತ್ರಿವೇಣಿ, ಎಂ.ಕೆ. ಇಂದಿರಾ ಪುಸ್ತಕಗಳಲ್ಲಿ ಇಂಥ ಗುರುತು ಹಾಕಲು ಜಾಗವೇ ಇರುತ್ತಿರಲಿಲ್ಲ. ಅದನ್ನೆಲ್ಲ ಅಡುಗೆಮನೆ ಸಾಹಿತ್ಯ ಅಂತ ಮೂಗು ಮುರಿದವರೂ ಇದ್ದರು. ಇಂದಿರಾ ಅವರ ಮೊದಲ ಕಾದಂಬರಿ 'ತುಂಗಭದ್ರ' ಬಂದದ್ದು ಅವರಿಗೆ ನಲವತ್ತೈದು ದಾಟಿದ ಮೇಲೆ. ಅವರದೇ ಕಾದಂಬರಿಯ 'ಫಣಿಯಮ್ಮ'ನನ್ನು ಇವತ್ತಿಗೂ ಜನ ಮನೆಯ ಹಿರಿಯಳ ಹಾಗೆ ನೆನೆಯುತ್ತಾರೆ. ಆದ್ದರಿಂದ ನಿಮ್ಮ ಗುಂಪಿನಲ್ಲಿ ಯಾರಾದರೂ 'ಬರೀ ಫೀಲ್‌ಗುಡ್ ಪುಸ್ತಕ ಓದ್ತೀರಾ' ಅಂತ ಕೊಂಕು ತೆಗೆದರೆ ಸಂಕೋಚ ಪಡಬೇಡ.

ಹಾಗಂತ ಸಿಕ್ಕಿದ್ದೆಲ್ಲ ಒಳ್ಳೆಯದೂ ಅಲ್ಲ. ಈಗ ಅಂಗಡಿಗೆ ಹೋದರೆ ಜಪಾನಿನದು, ಕೊರಿಯಾದ್ದು ಅಂತ ಸಾಲುಸಾಲು. ಮುಖಪುಟದಲ್ಲಿ ಒಂದು ಪುಸ್ತಕದಂಗಡಿ, ಇಲ್ಲ ಒಂದು ಕಾಫಿ ಅಂಗಡಿ, ಕಿಟಕಿಯಲ್ಲಿ ಬೆಕ್ಕು. ಕೆಲವು ನಿಜಕ್ಕೂ ಚೆನ್ನಾಗಿವೆ. ಉಳಿದವು ಆ ಬೆಕ್ಕಿನ ಬಾಲ ಹಿಡಿದುಕೊಂಡು ಬಂದವು. ನಾನು ನೋಡುವುದು ಒಂದೇ. ಪುಸ್ತಕದಲ್ಲಿ ಯಾರಿಗಾದರೂ ಸಣ್ಣತನ ಇದೆಯಾ? ಹೊಟ್ಟೆಕಿಚ್ಚು, ಜಿಪುಣತನ, ಹಟ? ಎಲ್ಲರೂ ಒಳ್ಳೆಯವರು, ಎಲ್ಲರೂ ಒಂದು ಲೋಟ ಬಿಸಿ ಟೀ ಕುಡಿದ ತಕ್ಷಣ ಬದಲಾಗುತ್ತಾರೆ ಅಂದರೆ ನಾನು ಅರ್ಧಕ್ಕೇ ಮುಚ್ಚಿಡುತ್ತೇನೆ. ಇಪ್ಪತ್ತನೇ ಪುಟದಲ್ಲಿ ನನಗೆ ಕಿರಿಕಿರಿ ಮಾಡಿದವಳು ಇನ್ನೂರನೇ ಪುಟದಲ್ಲಿ ನನ್ನವಳಾಗಬೇಕು. ಆಗ ಪುಸ್ತಕ ಗೆದ್ದಿತು.

ಆ ಲೆಕ್ಕದಲ್ಲಿ ನನಗೆ ಈಚೆಗೆ ಜಾಸ್ತಿ ಹಿಡಿಸಿದ್ದು ವರ್ಜೀನಿಯಾ ಇವಾನ್ಸ್ ಅವರ 'ದಿ ಕರೆಸ್ಪಾಂಡೆಂಟ್', 2025ರದ್ದು. ಕಾದಂಬರಿ ಪೂರ್ತಿ ಪತ್ರಗಳಲ್ಲೇ ನಡೆಯುತ್ತದೆ. ಸಿಬಿಲ್ ಅಂತ ಎಪ್ಪತ್ತಮೂರರ ಹೆಂಗಸು, ಅಮೆರಿಕದ ಮೇರಿಲ್ಯಾಂಡ್‌ನಲ್ಲಿ ಒಬ್ಬಳೇ ಇದ್ದಾಳೆ, ಮುಂಚೆ ವಕೀಲಿ ಮಾಡಿದವಳು. ಫ್ರಾನ್ಸಿನಲ್ಲಿರುವ ತಮ್ಮನಿಗೆ ಬರೆಯುತ್ತಾಳೆ, ಪರಿಚಯದ ಒಬ್ಬ ಹುಡುಗನಿಗೆ ಬರೆಯುತ್ತಾಳೆ. ದೊಡ್ಡ ದೊಡ್ಡ ಲೇಖಕರಿಗೂ ಬರೆಯುತ್ತಾಳೆ. ತನ್ನನ್ನು ಪಾಠಕ್ಕೆ ಕೂರಿಸಿಕೊಳ್ಳದ ವಿಶ್ವವಿದ್ಯಾಲಯದವರಿಗಂತೂ ಖಾರವಾಗಿ ಬರೆಯುತ್ತಾಳೆ. ಅವಳದು ಒರಟು ನಾಲಿಗೆ. ತಾನೇ ಸರಿ ಅನ್ನುವ ಹಟ. ಮಗಳ ಜೊತೆ ಸರಿ ಇಲ್ಲ. ಕಣ್ಣು ಬೇರೆ ಮಂಜಾಗುತ್ತಿದೆ, ಬರೆಯುವುದೇ ಬದುಕಾಗಿರುವವಳಿಗೆ. ಇದರ ಮುಂದೆ ನಾನು ಹೇಳುವುದಿಲ್ಲ. ನೀನೂ ಗುಂಪಿಗೆ ಇಷ್ಟರ ಮೇಲೆ ಹೇಳಬೇಡ. ಜಾಹೀರಾತಿಗಿಂತ ಒಬ್ಬರು ಇನ್ನೊಬ್ಬರಿಗೆ ಹೇಳಿಯೇ ಜಾಸ್ತಿ ಓಡಿದ ಪುಸ್ತಕ ಅದು. ಪತ್ರಗಳು ಚಿಕ್ಕಚಿಕ್ಕವು. ಕೈಗೂಸು ಇರುವ ನಿನ್ನ ಗೆಳತಿಗೆ ಇದನ್ನೇ ಕೊಡು. ಮಗು ಮಲಗಿದ ಇಪ್ಪತ್ತು ನಿಮಿಷದಲ್ಲಿ ಎರಡು ಮೂರು ಪತ್ರ ಓದಿ ಎತ್ತಿಡಬಹುದು, ಮತ್ತೆ ತೆಗೆದಾಗ ಎಳೆ ತಪ್ಪುವುದಿಲ್ಲ.

ಮೂರನೇ ಮಹಡಿಯವರಿಗೆ ನಾನಾದರೆ ಶೆಲ್ಬಿ ವ್ಯಾನ್ ಪೆಲ್ಟ್ ಅವರ 'ರಿಮಾರ್ಕಬ್ಲಿ ಬ್ರೈಟ್ ಕ್ರೀಚರ್ಸ್' ಕೊಡುತ್ತೇನೆ. 2022ರದ್ದು. ಅಲ್ಲೂ ಗಂಡನನ್ನು ಕಳೆದುಕೊಂಡ ಹೆಂಗಸೇ ಇದ್ದಾಳೆ, ಟೋವಾ. ರಾತ್ರಿ ಹೊತ್ತು ಒಂದು ಮತ್ಸ್ಯಾಲಯದಲ್ಲಿ ನೆಲ ಒರೆಸುತ್ತಾಳೆ, ಗಾಜಿನ ಮೇಲೆ ಮಕ್ಕಳು ಮಾಡಿದ ಬೆರಳಚ್ಚು ಒರೆಸುತ್ತಾಳೆ. ದುಡ್ಡಿಗೆ ಅಲ್ಲ. ಕೈ ಸುಮ್ನೆ ಇರಬಾರದು ಅಂತ. ಅಲ್ಲಿರುವ ಮಾರ್ಸೆಲಸ್ ಎಂಬ ಆಕ್ಟೋಪಸ್ ನಡುನಡುವೆ ತಾನೇ ಕಥೆ ಹೇಳುತ್ತದೆ. ತನ್ನ ಸೆರೆವಾಸದ ದಿನಗಳನ್ನು ಎಣಿಸುತ್ತಾ, ಮನುಷ್ಯರ ಮೇಲೆ ಗೊಣಗುತ್ತಾ, ರಾತ್ರಿ ತೊಟ್ಟಿಯಿಂದ ಹೊರಬಂದು ಪಕ್ಕದ ತೊಟ್ಟಿಗಳಲ್ಲಿ ಕದ್ದು ತಿನ್ನುತ್ತಾ. ಸಾವಿನ ನೆರಳು ಇಲ್ಲೂ ಇದೆ, ಹೇಳಿಯೇ ಕೊಡಬೇಕು. ಟೋವಾಳ ಮಗ ಹದಿನೆಂಟರಲ್ಲೇ ಕಾಣೆಯಾದವನು. ಆದರೆ ಟೋವಾಳಿಗೆ ಮುಂದಿನ ದಿನ ಬೆಳಿಗ್ಗೆ ಏಳುವುದಕ್ಕೆ ಒಂದು ಕೆಲಸ ಇದೆ. ಆಂಟಿಗೆ ಈಗ ಬೇಕಾದದ್ದು ಅದು ಅಂತ ನನಗನಿಸುತ್ತದೆ. ಅವರನ್ನು ನೋಡಿರುವವಳು ನೀನು, ಯೋಚಿಸು.

ಇನ್ನು ಕನ್ನಡದ್ದು. ನಿನ್ನ ಪಟ್ಟಿಯಲ್ಲಿ ಕನ್ನಡದಲ್ಲೇ ಓದಬೇಕಾದದ್ದು ಒಂದೂ ಇಲ್ಲವಲ್ಲೇ! ಜಯಂತ ಕಾಯ್ಕಿಣಿಯವರ 'ಅನಾರ್ಕಲಿಯ ಸೇಫ್ಟಿಪಿನ್' ಹಾಕು. ಕಾದಂಬರಿ ಅಲ್ಲ, ಕಥೆಗಳು. ತೀರಾ ಮಾಮೂಲಿ ಜನ, ಅವರ ಸಣ್ಣ ಸಾಮಾನುಗಳು, ಅವರು ಪರಸ್ಪರ ತೋರುವ ದೊಡ್ಡ ದೊಡ್ಡ ಔದಾರ್ಯ. ಕನ್ನಡ ಓದಲು ಬಾರದವರಿದ್ದರೆ ತೇಜಸ್ವಿನಿ ನಿರಂಜನ ಅನುವಾದಿಸಿದ ಅವರ ಮುಂಬೈ ಕಥೆಗಳಿವೆ, 'ನೋ ಪ್ರೆಸೆಂಟ್ಸ್ ಪ್ಲೀಸ್'. ದಕ್ಷಿಣ ಏಷ್ಯಾದ ಸಾಹಿತ್ಯಕ್ಕೆ ಕೊಡುವ ಡಿಎಸ್‌ಸಿ ಬಹುಮಾನ 2018ರಲ್ಲಿ ಅದಕ್ಕೇ ಸಂದದ್ದು. ಹೊಸದೇ ಆಗಬೇಕು ಅನ್ನುವ ಹಟ ಬಿಟ್ಟರೆ ಶ್ರೀನಿವಾಸ ವೈದ್ಯರ 'ಹಳ್ಳ ಬಂತು ಹಳ್ಳ' ಕೂಡ ಇದೆ. ನವಲಗುಂದದ ಒಂದು ದೊಡ್ಡ ಮನೆತನದ ಕಥೆ, 2008ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಪಡೆದದ್ದು. ಧಾರವಾಡದ ಮಾತು ಮೈಸೂರಿನವರಿಗೆ ಮೊದಲ ಹತ್ತು ಪುಟ ಕಾಲು ತೊಡರುತ್ತದೆ. ನಿಮ್ಮಲ್ಲಿ ಹುಬ್ಬಳ್ಳಿ ಕಡೆಯವರು ಇದ್ದಾರಲ್ಲ, ಅವರ ಕೈಲಿ ಮೊದಲ ಅಧ್ಯಾಯ ಜೋರಾಗಿ ಓದಿಸು. ಆಮೇಲೆ ಯಾರನ್ನೂ ತಳ್ಳಬೇಕಾಗಿಲ್ಲ.

ಇನ್ನೊಂದು ವಿಷಯ, ಇದಕ್ಕೆ ಬೈದರೂ ಸರಿ ಅಂತ ಬರೆಯುತ್ತಿದ್ದೇನೆ. 'ಪಿಡಿಎಫ್ ಸಿಕ್ಕಿದರೆ ಗ್ರೂಪಿಗೆ ಹಾಕ್ತೀನಿ' ಅಂತ ಕೊನೆಯಲ್ಲಿ ಸೇರಿಸಿದ್ದೀಯ. ಹಾಕಬೇಡ. ಕನ್ನಡದ ಒಂದು ಪುಸ್ತಕ ಸಾಮಾನ್ಯವಾಗಿ ಒಂದು ಮುದ್ರಣಕ್ಕೆ ಸಾವಿರ ಪ್ರತಿ ಅಚ್ಚಾಗುತ್ತದೆ. ನಿಮ್ಮ ಗ್ರೂಪಿನಲ್ಲಿ ನಲವತ್ತು ಜನ, ಅವರಿಂದ ಇನ್ನು ನಾಲ್ಕು ಗ್ರೂಪು. ಪುಸ್ತಕವನ್ನು ಹೊಗಳಿ ಹೊಗಳಿಯೇ ಅದರ ಅನ್ನ ಕಿತ್ತುಕೊಂಡ ಹಾಗಾಯಿತು. ಬೆಂಗಳೂರು ಗಾಂಧಿ ಬಜಾರಿನ ಅಂಕಿತ ಪುಸ್ತಕದಂಗಡಿಯಲ್ಲಿ ಕೇಳಿದರೆ ಕೊಡುತ್ತಾರೆ. ನಾಲ್ಕು ಜನ ಸೇರಿ ಒಂದು ಪ್ರತಿ ಕೊಂಡು ಓದಿ. ಕಣ್ಣು ನೋಯುತ್ತದೆ ಅನ್ನುವವರಿಗೆ ಮೈಲ್ಯಾಂಗ್ ಆ್ಯಪ್‌ನಲ್ಲಿ ಕೇಳುವ ಪುಸ್ತಕಗಳಿವೆ.

ಕೊಟ್ಟ ಮೇಲೆ ಸುಮ್ಮನಿರುವುದನ್ನೂ ಕಲಿತುಕೋ. ಲಿಫ್ಟಿನಲ್ಲಿ ಸಿಕ್ಕಾಗಲೆಲ್ಲ 'ಓದಿದ್ರಾ? ಎಲ್ಲೀತನಕ ಬಂತು?' ಅಂತ ಕೇಳಿದರೆ ಜನ ಮೆಟ್ಟಿಲು ಹತ್ತಿ ಹೋಗಲು ಶುರು ಮಾಡುತ್ತಾರೆ. ಆ ಸಾಫ್ಟ್‌ವೇರ್ ಹುಡುಗ 'ಏನೂ ನಡೆಯೋದೇ ಇಲ್ಲ ಈ ಪುಸ್ತಕದಲ್ಲಿ' ಅಂದನಂತೆ, ನಿನಗೆ ಬೇಜಾರಾಯಿತಂತೆ. ಅವನು ಹೇಳಿದ್ದು ಸರಿಯೇ ಇದೆ. ನಡೆಯುವುದಿಲ್ಲ. ಅವನಿಗೆ ಏನಾದರೂ ನಡೆಯಬೇಕು, ಬೇರೆ ಪುಸ್ತಕ ಕೊಡು. ವಾದ ಮಾಡಿ ಯಾರಿಗೂ ಯಾವ ಪಾತ್ರವನ್ನೂ ಇಷ್ಟವಾಗಿಸಲು ಆಗುವುದಿಲ್ಲ. ಮತ್ತೆ, ನೀನೇ ಪೂರ್ತಿ ಓದದ ಪುಸ್ತಕವನ್ನು ಪಟ್ಟಿಗೆ ಹಾಕಬೇಡ. ಐದನೆಯದನ್ನು ನೀನು ಓದಿಲ್ಲ, ನನಗೆ ಗೊತ್ತಾಯಿತು. ನಾಯಕಿಯ ಹೆಸರೇ ತಪ್ಪಾಗಿದೆ.

ಪಟ್ಟಿಯನ್ನು ಆರಕ್ಕೆ ಇಳಿಸಿ ಮತ್ತೆ ಬರೆದು ಕಳಿಸು. ಒಂದೊಂದಕ್ಕೂ ಮೂರು ಸಾಲು ಸಾಕು. ಆ ಮನುಷ್ಯ ಏನು ಮಾಡುತ್ತಾನೆ, ಪುಸ್ತಕ ಎಲ್ಲಿ ನಿಧಾನ, ಎಲ್ಲಿ ನೋಯಿಸುತ್ತದೆ. 'ದಿ ಕರೆಸ್ಪಾಂಡೆಂಟ್' ನನ್ನ ಪ್ರತಿಯನ್ನೇ ಕೊರಿಯರ್ ಮಾಡಿದ್ದೇನೆ. ಅಂಚಿನಲ್ಲಿ ಪೆನ್ಸಿಲಿನಿಂದ ಸಿಬಿಲ್‌ಳ ಜೊತೆ ಜಗಳ ಆಡಿದ್ದೇನೆ, ಅದನ್ನು ಓದಿ ನಗಬೇಡ. 'ಹಳ್ಳ ಬಂತು ಹಳ್ಳ' ಕೊಳ್ಳಬೇಡ, ನನ್ನ ಪ್ರತಿ ನಿನ್ನ ಅಮ್ಮನ ಬೀರುವಿನಲ್ಲೇ ಇದೆ. ಅವಳು ಇಲ್ಲ ಅನ್ನುತ್ತಾಳೆ. ಮೇಲಿನ ಅರೆ, ರೇಷ್ಮೆ ಸೀರೆಗಳ ಹಿಂದೆ ನೋಡು.

ನಿನ್ನ,
ದೊಡ್ಡಮ್ಮ